ರನ್‌ವೇಗಿಂತ ತರಬೇತಿ ದೊಡ್ಡದು: ಯುದ್ಧಕಾಲದ ವಿಮಾನನೆಲೆಗಳು ಮತ್ತು ಅವುಗಳ ಮುಂದಿನ ಬದುಕು

(ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕನ್ನಡ ನಾಡಿನಲ್ಲಿ ಸೈನಿಕ ತರಬೇತಿಗಾಗಿ ಬಳಕೆಯಾದ ವಿಮಾನನೆಲೆಗಳು ಯುದ್ಧ ಮುಗಿದ ಮೇಲೆ ಏನಾದವು ಎಂಬುದು ಇಂದಿನ ಉಪನ್ಯಾಸದ ವಿಷಯ. ಗೋಪನಕೊಪ್ಪದಲ್ಲಿ ಈ ಮಾತು ಯಾಕೆ ಎಂದು ಯಾರಾದರೂ ಕೇಳಬಹುದು. ಹೊಲವಾಗಿದ್ದ ನೆಲ ಬಡಾವಣೆಯಾಗುವುದನ್ನು, ಹಳ್ಳಿ ಶಹರದೊಳಗೆ ಸೇರಿಹೋಗುವುದನ್ನು ಕಂಡ ಊರು ಇದು. ನೆಲ ಒಮ್ಮೆ ಕೈಬದಲಾದರೆ ಅದರ ಮುಂದಿನ ಬದುಕನ್ನು ಯಾರು ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆ ಇಲ್ಲಿಯವರಿಗೆ ಹೊಸದಲ್ಲ. ಅದೇ ಪ್ರಶ್ನೆಯನ್ನು ವಿಮಾನನೆಲೆಗಳಿಗೂ ಕೇಳಬೇಕು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಯುದ್ಧಕಾಲದ ವಿಮಾನನೆಲೆಯ ನಿಜವಾದ ಆಸ್ತಿ ಅದರ ರನ್‌ವೇ ಅಲ್ಲ, ಅಲ್ಲಿ ನಡೆದ ಕಲಿಕೆ. ಯುದ್ಧದ ನಂತರವೂ ಕಲಿಸುವ ಕೆಲಸ ಮುಂದುವರಿದ ಕಡೆ, ಅಥವಾ ಮತ್ತೆ ನೆಲೆಗೊಂಡ ಕಡೆ, ಆ ನೆಲ ಸಮಾಜದ ಉಪಯೋಗಕ್ಕೆ ಬಂತು. ಕಲಿಕೆ ನಿಂತ ಕಡೆ ರನ್‌ವೇ ಎಷ್ಟೇ ಉದ್ದವಿದ್ದರೂ ನೆಲ ತನ್ನ ಅರ್ಥ ಕಳೆದುಕೊಂಡಿತು. ಇಂದು ಹಳೆಯ ನಿಲ್ದಾಣಗಳನ್ನು ವಿಸ್ತರಿಸುವಾಗಲೂ ಹೊಸದಕ್ಕೆ ಜಮೀನು ಪಡೆಯುವಾಗಲೂ ನಾವು ಮೊದಲು ಕೇಳಬೇಕಾದ್ದು ಟರ್ಮಿನಲ್ ಎಷ್ಟು ದೊಡ್ಡದು ಎಂದಲ್ಲ, ಇಲ್ಲಿ ಯಾರು ಏನನ್ನು ಕಲಿಯುತ್ತಾರೆ ಎಂದು.

ಮೊದಲು ಹಿನ್ನೆಲೆ. 1942ರ ಫೆಬ್ರುವರಿಯಲ್ಲಿ ಸಿಂಗಾಪುರ ಬಿತ್ತು. ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ಕೈಸೇರಿತು. ಏಪ್ರಿಲ್ 5ರಂದು ಕೊಲಂಬೊ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡ, 9ರಂದು ತ್ರಿಂಕೋಮಲಿ ಬಾಂಬ್ ದಾಳಿಗೆ ತುತ್ತಾದವು. ಅಲ್ಲಿಯವರೆಗೆ ಬ್ರಿಟಿಷ್ ಸರ್ಕಾರದ ಗಮನವೆಲ್ಲ ವಾಯವ್ಯ ಗಡಿಯ ಕಡೆಗಿತ್ತು. ಪೂರ್ವದಿಂದ ಯುದ್ಧ ಬಂದಾಗ ಮಳೆಗಾಲದಲ್ಲೂ ವಿಮಾನ ಇಳಿಯಬಲ್ಲ ಗಟ್ಟಿ ರನ್‌ವೇಗಳು ದೇಶದಲ್ಲಿ ಬೆರಳೆಣಿಕೆಯಷ್ಟೇ ಇದ್ದವು. ಇನ್ನೂರಕ್ಕೂ ಹೆಚ್ಚು ವಿಮಾನನೆಲೆಗಳ ಯೋಜನೆ ಆ ಅವಸರದಲ್ಲಿ ತಯಾರಾಯಿತು. ಬಂಗಾಳ, ಅಸ್ಸಾಂಗಳಲ್ಲಿ ಕದನದ ನೆಲೆಗಳು ಎದ್ದವು. ಆದರೆ ಕದನಕ್ಕೆ ಹೋಗುವವನು ಮೊದಲು ಕಲಿಯಬೇಕು; ಹೊಸ ವಿಮಾನ ಬಂದರೆ ಹಳೆಯ ಪೈಲಟ್ ಕೂಡ ಮತ್ತೆ ಕಲಿಯಬೇಕು. ಅದಕ್ಕೆ ಶತ್ರುವಿನ ಕೈಗೆಟುಕದ, ಹವೆ ಹಿತವಾಗಿರುವ, ರೈಲು ಸಂಪರ್ಕವಿರುವ, ವರ್ಷದ ಬಹುಪಾಲು ದಿನ ತಿಳಿಯಾದ ಆಕಾಶವಿರುವ ಜಾಗ ಬೇಕಿತ್ತು. ದಖನ್ ಪ್ರಸ್ಥಭೂಮಿಯಲ್ಲಿ ಇವೆಲ್ಲ ಇದ್ದವು. ಕನ್ನಡ ನಾಡು ರಣರಂಗವಾಗದೆ ಯುದ್ಧದ ಪಾಠಶಾಲೆಯಾದದ್ದು ಹೀಗೆ.

ಆ ಪಾಠಶಾಲೆಯ ಮೂರು ನೆಲೆಗಳನ್ನು ನೋಡೋಣ. ಬೆಳಗಾವಿಯ ಬದಿಯ ಸಾಂಬ್ರಾದಲ್ಲಿ ರಾಯಲ್ ಏರ್‌ಫೋರ್ಸ್ 1942ರಲ್ಲಿ ವಿಮಾನನೆಲೆ ಕಟ್ಟಿ ತರಬೇತಿಗೆ ಬಳಸಿತು. ಉತ್ತರ ಕರ್ನಾಟಕದ ಅತ್ಯಂತ ಹಳೆಯ ವಿಮಾನ ನಿಲ್ದಾಣ ಅದೇ. ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದಲ್ಲಿ 1944ರಲ್ಲಿ ಹೊಸ ವಿಮಾನಗಳ ಕಲಿಕೆ ನಡೆಯಿತು. ಹರಿಕೇನ್ ಹಾರಿಸುತ್ತ ಬಂದ ಸ್ಕ್ವಾಡ್ರನ್‌ಗಳು ಅಮೆರಿಕದ ದೈತ್ಯ ಥಂಡರ್‌ಬೋಲ್ಟ್ ಹಾರಿಸಲು ಕಲಿತು ಬರ್ಮಾದ ಕಡೆ ಹೊರಟವು. ಕಟ್ಟಿಗೆಯ ಮೈಯ ಮಾಸ್ಕಿಟೊ ವಿಮಾನಕ್ಕೂ ಪರಿವರ್ತನಾ ತರಬೇತಿ ಘಟಕ ಅಲ್ಲಿತ್ತು. ಆ ವರ್ಷದ ನವೆಂಬರ್‌ನಲ್ಲಿ ಈ ಭಾಗದ ಮಾಸ್ಕಿಟೊಗಳ ರೆಕ್ಕೆಯ ಅಂಟು, ಜೋಡಣೆಗಳಲ್ಲಿ ದೋಷ ಕಂಡು ಅವುಗಳ ಹಾರಾಟವನ್ನೇ ತಡೆಹಿಡಿಯಬೇಕಾಯಿತು. ಒಂದು ದೇಶದ ಹವೆಯಲ್ಲಿ ರೂಪುಗೊಂಡ ಯಂತ್ರ ಇನ್ನೊಂದು ದೇಶದ ಹವೆಯಲ್ಲಿ ಹೇಗೆ ವರ್ತಿಸುತ್ತದೆ ಎಂಬುದೂ ಆಗ ಕಲಿಯಬೇಕಾದ ಪಾಠವಾಗಿತ್ತು. ಮೂರನೆಯದು ಕೋಲಾರ. ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್ ಹಾರಿಸಲು ಕಲಿಸುವ ಘಟಕ ಅಲ್ಲಿತ್ತು. ಆ ಘಟಕದಿಂದಲೇ 1944ರ ನವೆಂಬರ್ 8ರಂದು ರಾಯಲ್ ಏರ್‌ಫೋರ್ಸಿನ 358ನೆಯ ಸ್ಕ್ವಾಡ್ರನ್ ಹುಟ್ಟಿತು. ಒಂದೇ ಕಾಲದ, ಒಂದೇ ಉದ್ದೇಶದ ಈ ಮೂರು ನೆಲೆಗಳ ಮುಂದಿನ ದಾರಿ ಬೇರೆಯಾಯಿತು. ಹಾಗೆ ಬೇರೆಯಾಗಲು ಕಾರಣವೇನೆಂಬುದೇ ನನ್ನ ವಾದದ ತಿರುಳು.

ಕಾರಣ ಹುಡುಕಲು ಬೆಂಗಳೂರಿನ ಇನ್ನೊಂದು ನೆಲವನ್ನು ನೋಡಬೇಕು. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದ್ ಅವರ ಸಾಹಸ ಮತ್ತು ಮೈಸೂರು ಸಂಸ್ಥಾನದ ಬೆಂಬಲದಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ಸ್ಥಾಪನೆಯಾಯಿತು. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ ಬಂಡವಾಳವನ್ನೂ ಕೊಟ್ಟಿತು, ಜಮೀನನ್ನೂ ಕೊಟ್ಟಿತು. 1941ರಲ್ಲಿ ಅಲ್ಲಿಂದ ಮೊದಲು ಹಾರಿದ್ದು ಹಾರ್ಲೊ ಪಿಸಿ-5 ಎಂಬ ತರಬೇತಿ ವಿಮಾನ. 1943ರಿಂದ ಯುದ್ಧದ ಕೊನೆಯವರೆಗೆ ಕಾರ್ಖಾನೆಯನ್ನು ನಡೆಸಿದ್ದು ಅಮೆರಿಕದ ಸೇನಾ ವಾಯುಪಡೆ. ವಿಮಾನ ಕಟ್ಟುವುದಕ್ಕಿಂತ ರಿಪೇರಿಯೇ ಆಗ ಮುಖ್ಯವಾಯಿತು. ಅದೇ ಹೊತ್ತಿನಲ್ಲಿ, 1942ರ ಡಿಸೆಂಬರ್‌ನಲ್ಲಿ, ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಯಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಕಾರ್ಖಾನೆಯಲ್ಲಿ ಕೈ ಕಲಿಯಿತು, ಸಂಸ್ಥೆಯಲ್ಲಿ ತಲೆ ಕಲಿಯಿತು. ವಿಷ್ಣು ಮಾಧವ ಘಾಟಗೆಯವರ ನೇತೃತ್ವದಲ್ಲಿ ನಮ್ಮವರೇ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. 1964ರಲ್ಲಿ ಜೆಟ್ ತರಬೇತಿ ವಿಮಾನ ಕಿರಣ್ ಹಾರಿತು, 2016ರಲ್ಲಿ ಎಚ್‌ಟಿಟಿ-40. ಪಿಸಿ-5ರಿಂದ ಎಚ್‌ಟಿಟಿ-40ರವರೆಗೆ ಮುಕ್ಕಾಲು ಶತಮಾನದ ಸರಣಿ ಅದು. ಅದರ ಪ್ರತಿಯೊಂದು ವಿಮಾನವೂ ಕಲಿಯುವವನಿಗಾಗಿ ಕಟ್ಟಿದ್ದು. ಯುದ್ಧದ ಅವಸರಕ್ಕೆ ಕೊಟ್ಟ ನೆಲ ಸಾರ್ಥಕವಾಗುವುದೆಂದರೆ ಇದು.

ಇನ್ನು 1947. ಯುದ್ಧ ಶುರುವಾದಾಗ ಭಾರತೀಯ ವಾಯುಪಡೆಯಲ್ಲಿ ಇದ್ದದ್ದು ಒಂದೇ ಸ್ಕ್ವಾಡ್ರನ್. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 28,500 ಜನರ ಪಡೆ, ಒಂಬತ್ತು ಸ್ಕ್ವಾಡ್ರನ್. ಇಷ್ಟು ಜನರನ್ನು ತಯಾರು ಮಾಡಿದ್ದ ಲಾಹೋರಿನ ವಾಲ್ಟನ್, ರಿಸಾಲ್‌ಪುರ, ಕರಾಚಿಯ ಡ್ರಿಗ್ ರೋಡ್ ನೆಲೆಗಳು ದೇಶವಿಭಜನೆಯಲ್ಲಿ ಪಾಕಿಸ್ತಾನದ ಪಾಲಾದವು. ಭಾರತದ ಪಾಲಿಗೆ ಮನುಷ್ಯರು ಬಂದರು, ಶಾಲೆಗಳು ಹೋದವು. ಆಗ ಕೈಹಿಡಿದದ್ದು ದಕ್ಷಿಣದ ಯುದ್ಧಕಾಲದ ನೆಲೆಗಳು. ಯುದ್ಧದಲ್ಲಿ ಗಾಯಾಳುಗಳ ಆಸ್ಪತ್ರೆಗೂ ಇಟಲಿಯ ಯುದ್ಧಕೈದಿಗಳಿಗೂ ಎಡೆಯಾಗಿದ್ದ ಜಾಲಹಳ್ಳಿಯಲ್ಲಿ 1949ರಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಆರಂಭವಾಯಿತು. ಅದರ ನೆರೆಯಲ್ಲೇ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದವು. ಸಾಂಬ್ರಾ ಕೂಡ ಸುಮ್ಮನಾಗಲಿಲ್ಲ. 1961ರ ಡಿಸೆಂಬರ್‌ನ ಗೋವಾ ವಿಮೋಚನೆಯಲ್ಲಿ ಹಂಟರ್ ವಿಮಾನಗಳು ಅಲ್ಲಿಂದಲೇ ಹಾರಿದವು. ಇಂದು ಅಲ್ಲಿರುವ ಏರ್‌ಮೆನ್ ತರಬೇತಿ ಶಾಲೆಗೆ ದೇಶದ ಮೂಲೆಮೂಲೆಯಿಂದ ಯುವಕರು ಬರುತ್ತಾರೆ; ಅಗ್ನಿವೀರ್ ವಾಯು ಯೋಜನೆ ಬಂದ ಮೇಲೆ ಯುವತಿಯರೂ ಅಲ್ಲಿ ತರಬೇತಿ ಮುಗಿಸಿದ್ದಾರೆ. ಯಲಹಂಕ 1963ರಲ್ಲಿ ವಾಯುಪಡೆಯ ಪೂರ್ಣ ನೆಲೆಯಾಗಿ, ಸಾರಿಗೆ ವಿಮಾನ ಮತ್ತು ಹೆಲಿಕಾಪ್ಟರ್ ಚಾಲಕರನ್ನು ತಯಾರು ಮಾಡುವ ಜಾಗವಾಯಿತು. ಲೋಕಕ್ಕೆ ಯಲಹಂಕ ಗೊತ್ತಿರುವುದು 1996ರಿಂದ ನಡೆಯುವ ಏರೋ ಇಂಡಿಯಾ ಪ್ರದರ್ಶನದಿಂದ. ಆದರೆ ಆ ನೆಲೆಯನ್ನು ವರ್ಷವಿಡೀ ಉಸಿರಾಡಿಸುವುದು ಕೆಲವು ದಿನಗಳ ಜಾತ್ರೆಯಲ್ಲ, ಅಲ್ಲಿ ನಡೆಯುವ ಪಾಠ.

ಕೋಲಾರಕ್ಕೆ ಈ ಮುಂದುವರಿಕೆ ಸಿಗಲಿಲ್ಲ. ಲಿಬರೇಟರ್‌ನಂಥ ಭಾರಿ ಬಾಂಬರ್ ಹಾರಿಸಲು ಕಲಿಸಿದ ಆ ಊರಿನಲ್ಲಿ ಇಂದು ವಾಯುಪಡೆಯ ಶಾಲೆಯಿಲ್ಲ, ಪ್ರಯಾಣಿಕರ ವಿಮಾನ ನಿಲ್ದಾಣವೂ ಇಲ್ಲ. ಇಂಥ ಊರುಗಳು ದಕ್ಷಿಣ ಮತ್ತು ಪೂರ್ವ ಭಾರತದಲ್ಲಿ ಹಲವು. ಒಡಿಶಾದ ಅಮರ್ದಾ ರೋಡ್‌ನಲ್ಲಿ ಬರ್ಮಾ ರಂಗದ ಫೈಟರ್ ಪೈಲಟ್‌ಗಳಿಗೆ ಗುರಿ ಹೊಡೆಯುವುದನ್ನೂ ವಾಯುಕದನದ ತಂತ್ರವನ್ನೂ ಕಲಿಸುವ ಹೆಸರಾಂತ ಘಟಕವಿತ್ತು, ಮೂರು ಕಿಲೋಮೀಟರ್ ಮೀರಿದ ರನ್‌ವೇ ಇತ್ತು. ಯುದ್ಧ ಮುಗಿಯುತ್ತಲೇ ಪಾಠ ನಿಂತಿತು. ದಶಕಗಟ್ಟಲೆ ಆ ರನ್‌ವೇ ಬಳಕೆಯಿಲ್ಲದೆ ಬಿದ್ದುಕೊಂಡಿತು. ಚೆನ್ನೈ ಬಳಿಯ ಶೋಲಾವರಂ ನೆಲೆ ಹಲವು ದಶಕ ಕಾರು, ಬೈಕುಗಳ ಪಂದ್ಯದ ಹಾದಿಯಾಯಿತು. ಪಂದ್ಯಗಳಿಗೆ ಬೇರೆ ಟ್ರ್ಯಾಕ್ ಸಿದ್ಧವಾದ ಮೇಲೆ ಅದೂ ಹೋಯಿತು. ಇಂಗ್ಲೆಂಡಿನಲ್ಲೂ ಹೀಗೇ ಆದದ್ದುಂಟು: ಬಾಂಬರ್ ಸಿಬ್ಬಂದಿಯ ತರಬೇತಿ ನೆಲೆಯಾಗಿದ್ದ ಸಿಲ್ವರ್‌ಸ್ಟೋನ್ 1948ರಿಂದ ಕಾರ್ ರೇಸಿಂಗ್‌ನ ತೀರ್ಥಕ್ಷೇತ್ರವಾಗಿದೆ. ಆದರೆ ಸಿಲ್ವರ್‌ಸ್ಟೋನ್ ಉಳಿದದ್ದು ಬರಿಯ ಟಾರಿನ ಬಲದಿಂದಲ್ಲ. ಸುತ್ತಲಿನ ಪ್ರದೇಶದಲ್ಲಿ ರೇಸಿಂಗ್ ಎಂಜಿನಿಯರಿಂಗ್ ಒಂದು ಉದ್ಯಮವಾಗಿ ಬೆಳೆಯಿತು. ಅಂದರೆ ಅಲ್ಲಿ ಹಳೆಯ ಕಲಿಕೆಯ ಜಾಗದಲ್ಲಿ ಹೊಸ ಕಲಿಕೆ ಬಂತು. ಶೋಲಾವರಂಗೆ ಪಂದ್ಯ ಬಂತು, ಅದರ ಸುತ್ತ ಅಂಥ ಉದ್ಯಮ ಬೇರೂರಲಿಲ್ಲ.

ಈ ವಾದಕ್ಕೆ ಮೊದಲ ಆಕ್ಷೇಪ ಸುಲಭವಾಗಿಯೇ ಹೊಳೆಯುತ್ತದೆ. ಇದು ಕಲಿಕೆಯ ಮಹಿಮೆಯಲ್ಲ, ಭೂಗೋಳದ ಮಹಿಮೆ. ಯಲಹಂಕ, ಜಾಲಹಳ್ಳಿಗಳು ಬೆಳೆದದ್ದು ಬೆಂಗಳೂರಿನ ನೆರಳಿನಲ್ಲಿ ಎಂಬುದು ಆ ಆಕ್ಷೇಪ. ಇದರಲ್ಲಿ ಸ್ವಲ್ಪ ಸತ್ಯವಿದೆ. ದೊಡ್ಡ ಊರಿನ ಮಗ್ಗುಲಲ್ಲಿರುವ ನೆಲೆಗೆ ಜನ, ನೀರು, ರೈಲು, ಆಸ್ಪತ್ರೆ ಎಲ್ಲವೂ ಹತ್ತಿರ. ಆದರೆ ಭೂಗೋಳವೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್ ದೂರದ ಕೋಲಾರ ಉಳಿಯಬೇಕಿತ್ತು, ಸುಮಾರು 700 ಕಿಲೋಮೀಟರ್ ದೂರದ ಬೀದರ್ ಬೆಳೆಯಬಾರದಿತ್ತು. ಆದದ್ದು ತಿರುವುಮುರುವು. ಚೀನಾ ಯುದ್ಧದ ಬೆನ್ನಲ್ಲೇ 1963ರಲ್ಲಿ ಬೀದರಿನಲ್ಲಿ ಎಳೆಯ ಪೈಲಟ್‌ಗಳ ಪ್ರಾಥಮಿಕ ಹಾರಾಟ ಶಾಲೆ ಶುರುವಾಯಿತು. ಬೆಂಗಳೂರಿನ ಎಚ್‌ಟಿ-2 ವಿಮಾನಗಳೇ ಅಲ್ಲಿ ಪಾಠದ ಹಲಗೆ. 1996ರಲ್ಲಿ ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ ಸೂರ್ಯಕಿರಣ್ ಅಲ್ಲಿಯೇ ಹುಟ್ಟಿತು. 2008ರಲ್ಲಿ ಮುಂದುವರಿದ ತರಬೇತಿಯ ಹಾಕ್ ವಿಮಾನಗಳು ಬಂದದ್ದೂ ಅಲ್ಲಿಗೇ. ಬೀದರಿಗೆ ಮಹಾನಗರದ ನೆರಳಿರಲಿಲ್ಲ, ಕಲಿಸುವ ಕೆಲಸವಿತ್ತು. ಆ ಕೆಲಸವನ್ನು ಹೊತ್ತ ಸಂಸ್ಥೆ ಅಲ್ಲಿ ಗಟ್ಟಿಯಾಗಿ ನಿಂತಿತು.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಕಲಿಕೆ ಸಮಾಜಕ್ಕೆ ಉಪಯೋಗವಾಯಿತು ಎನ್ನುತ್ತೀರಿ. ಆದರೆ ನೆಲ ಕೊಟ್ಟವರು ಬೇರೆ, ಕಲಿತವರು ಬೇರೆ ಅಲ್ಲವೆ ಎಂಬುದು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಬ್ರಿಟಿಷ್ ಆಳ್ವಿಕೆಯ ಭಾಗಗಳಲ್ಲಿ 1939ರ ಭಾರತ ರಕ್ಷಣಾ ಕಾಯ್ದೆಯ ನಿಯಮಗಳು ಸ್ಥಿರಾಸ್ತಿಯನ್ನು ವಶಪಡಿಸಿಕೊಳ್ಳಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿದ್ದವು. ಮಾಲೀಕನ ಒಪ್ಪಿಗೆಯ ಮಾತೇ ಇರಲಿಲ್ಲ. ಸಾಂಬ್ರಾದಲ್ಲಿ ರನ್‌ವೇ ಎದ್ದ 1942ರಲ್ಲೇ ಇದೇ ಹುಬ್ಬಳ್ಳಿಯಲ್ಲಿ ಬಾಲಕ ನಾರಾಯಣ ಡೋಣಿ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಅಂಥ ಸರ್ಕಾರದ ಎದುರು ಒಬ್ಬ ರೈತ ತನ್ನ ಹೊಲದ ಪರವಾಗಿ ಏನು ಹೇಳಲು ಸಾಧ್ಯವಿತ್ತು? ಯುದ್ಧ ಮುಗಿದ ಮೇಲೂ ಆ ಅಧಿಕಾರ ಮುಗಿಯಲಿಲ್ಲ. 1947ರಲ್ಲಿ ಅದನ್ನು ಮುಂದುವರಿಸುವ ಕಾಯ್ದೆ ಬಂತು, 1952ರಲ್ಲಿ ಇನ್ನೊಂದು ಬಂತು. ಅದರ ಗಡುವು ತಿದ್ದುಪಡಿಗಳ ಮೂಲಕ ಬೆಳೆಯುತ್ತ 1987ನ್ನು ಮುಟ್ಟಿತು. ಖಾಯಂ ಸ್ವಾಧೀನವಾದ ಜಮೀನಿಗೆ 1894ರ ಕಾಯ್ದೆಯಲ್ಲಿ ಮರಳುವ ದಾರಿಯೇ ಇರಲಿಲ್ಲ. ಉದ್ದೇಶ ತೀರಿದ ಮೇಲೆ ಉಳಿದ ನೆಲವನ್ನು ಹಳೆಯ ಮಾಲೀಕನಿಗೆ ಕೊಡುವ ಬದಲು ಸಾರ್ವಜನಿಕ ಹರಾಜಿಗೆ ಇಡಬೇಕೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಕೇರಳದ ಭಾಸ್ಕರನ್ ಪಿಳ್ಳೈ ಪ್ರಕರಣದಲ್ಲಿ ಹೇಳಿತು. ಸ್ವಾಧೀನಪಡಿಸಿಕೊಂಡ ಜಮೀನು ಐದು ವರ್ಷ ಬಳಕೆಯಾಗದೆ ಉಳಿದರೆ ಮೂಲ ಮಾಲೀಕರಿಗೋ ವಾರಸುದಾರರಿಗೋ ಸರ್ಕಾರದ ಭೂ ಬ್ಯಾಂಕಿಗೋ ಮರಳಬೇಕು ಎಂಬ ಮಾತು ಕೇಂದ್ರ ಕಾಯ್ದೆಯಲ್ಲಿ ಸೇರಿದ್ದು 2013ರಲ್ಲಿ, ಅದರ 101ನೆಯ ಕಲಮಿನಲ್ಲಿ.

ಈ ಇತಿಹಾಸ ನನ್ನ ವಾದವನ್ನು ದುರ್ಬಲಗೊಳಿಸುವುದಿಲ್ಲ, ಅದಕ್ಕೆ ಒಂದು ಕರಾರು ಸೇರಿಸುತ್ತದೆ. ಕಲಿಕೆ ನೆಲವನ್ನು ಸಾರ್ಥಕಪಡಿಸಬೇಕಾದರೆ ನೆಲ ಕೊಟ್ಟ ಊರಿನ ಮಕ್ಕಳು ಆ ಕಲಿಕೆಯ ಬೇಲಿಯ ಹೊರಗೆ ನಿಲ್ಲಬಾರದು. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ ಇದಕ್ಕೆ ದೊಡ್ಡ ನಿದರ್ಶನ. ವರ್ಣಭೇದ ಕಾನೂನಾಗಿದ್ದ ಕಾಲದಲ್ಲಿ, 1941ರಿಂದ, ಅಲ್ಲಿನ ಕರಿಯರ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ ಮೋಟನ್ ಫೀಲ್ಡ್ ಎಂಬ ವಿಮಾನನೆಲೆಯಲ್ಲಿ ಕರಿಯ ಯುವಕರು ಹಾರಾಟ ಕಲಿತರು. ಸುಮಾರು ಸಾವಿರ ಪೈಲಟ್‌ಗಳು ತಯಾರಾದರು. ಅವರ ಸಾಧನೆ 1948ರಲ್ಲಿ ಅಮೆರಿಕದ ಸೇನೆಯೊಳಗಿನ ವರ್ಣಭೇದವನ್ನು ತೆಗೆಯುವ ಆದೇಶಕ್ಕೆ ಬಲ ಕೊಟ್ಟಿತು. ಆ ನೆಲ ಇಂದು ರಾಷ್ಟ್ರೀಯ ಐತಿಹಾಸಿಕ ತಾಣ. ಅಲ್ಲಿನ ಹ್ಯಾಂಗರ್‌ಗಳನ್ನು ಕಾಪಾಡಿದ್ದು ಕಟ್ಟಡದ ಮೋಹದಿಂದಲ್ಲ, ಅಲ್ಲಿ ಯಾರು ಏನು ಕಲಿತರು ಎಂಬುದು ಮರೆಯಬಾರದೆಂದು. ನಮ್ಮಲ್ಲಿ ಸಾಂಬ್ರಾ, ಯಲಹಂಕ, ಕೋಲಾರಗಳ ಯುದ್ಧಕಾಲದ ಕಥೆ ಶಾಲೆಯ ಪಾಠದಲ್ಲಿ ಇಲ್ಲ. ಅದು ಪರಕೀಯರ ಯುದ್ಧ, ನಮಗೇಕೆ ಎಂದು ಕೇಳುವವರೂ ಇದ್ದಾರೆ. ಯುದ್ಧ ಪರಕೀಯರದ್ದಾಗಿರಬಹುದು, ನೆಲ ನಮ್ಮದು. ಅದರ ನೆನಪನ್ನು ಬಿಟ್ಟುಕೊಟ್ಟರೆ ಅದರ ಮೇಲಿನ ಹಕ್ಕನ್ನೂ ಅರ್ಧ ಬಿಟ್ಟುಕೊಟ್ಟಂತೆ.

ಮೂರನೆಯ ಆಕ್ಷೇಪ ವರ್ತಮಾನದ್ದು. ಜನರಿಗೆ ಬೇಕಿರುವುದು ಪ್ರಯಾಣದ ಸೌಕರ್ಯ, ತರಬೇತಿಯಲ್ಲ ಎಂಬುದು. ಪ್ರಯಾಣ ಬೇಕು, ನಿಜ. 1974ರಲ್ಲಿ ಲೋಕೋಪಯೋಗಿ ಇಲಾಖೆ ಕಟ್ಟಿದ ನಮ್ಮ ಗೋಕುಲ ರಸ್ತೆಯ ನಿಲ್ದಾಣ ದೊಡ್ಡ ರನ್‌ವೇ, ಹೊಸ ಟರ್ಮಿನಲ್ ಕಂಡದ್ದು 2017ರಲ್ಲಿ. 2024ರ ಮಾರ್ಚ್ 10ರಂದು ಹುಬ್ಬಳ್ಳಿ, ಬೆಳಗಾವಿ ಎರಡಕ್ಕೂ ಇನ್ನಷ್ಟು ದೊಡ್ಡ ಟರ್ಮಿನಲ್‌ಗಳ ಶಂಕುಸ್ಥಾಪನೆ ನಡೆಯಿತು. ಇದನ್ನೆಲ್ಲ ನಾನು ಸ್ವಾಗತಿಸುತ್ತೇನೆ. ಆದರೆ ಪ್ರಯಾಣಿಕ ವಿಮಾನ ಎಷ್ಟು ಚಂಚಲ ಎಂಬುದನ್ನೂ ಈ ಭಾಗ ಕಂಡಿದೆ. 2018ರ ಮೇ ತಿಂಗಳಲ್ಲಿ ಒಂದು ವಿಮಾನ ಸಂಸ್ಥೆ ಸಾಂಬ್ರಾದ ಹಾರಾಟಗಳನ್ನು ನಿಲ್ಲಿಸಿ ಹುಬ್ಬಳ್ಳಿಗೆ ಬಂತು. ನಮಗೆ ಹಿತವಾಯಿತು, ಬೆಳಗಾವಿಗೆ ಪೆಟ್ಟು ಬಿತ್ತು. ಮುಂದೆ ಆ ಸಂಸ್ಥೆ ಹುಬ್ಬಳ್ಳಿಯಲ್ಲೂ ಉಳಿಯಲಿಲ್ಲ. ಬೀದರಿನಲ್ಲಿ 2020ರಲ್ಲಿ ಶುರುವಾದ ಪ್ರಯಾಣಿಕ ಸೇವೆ ನಿಲ್ಲುತ್ತ, ಮತ್ತೆ ಶುರುವಾಗುತ್ತ ಬಂದಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದಾಗ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ಒಂದೇ ರಾತ್ರಿಯಲ್ಲಿ ಹೋದವು; ಆದರೆ ವಿಮಾನ ಕಟ್ಟುವ, ಪರೀಕ್ಷಿಸುವ ಕೆಲಸ ಅಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಟಿಕೆಟಿನ ಲೆಕ್ಕ ನೋಡಿ ಬಂದದ್ದು ಟಿಕೆಟಿನ ಲೆಕ್ಕ ನೋಡಿ ಹೋಗುತ್ತದೆ. ಗುರು, ಯಂತ್ರಾಗಾರ, ವಸತಿ, ಪ್ರಯೋಗಾಲಯ, ಹಳೆಯ ವಿದ್ಯಾರ್ಥಿಗಳು ಹೀಗೆ ಬೇರುಬಿಟ್ಟ ಶಾಲೆ ಅಷ್ಟು ಸುಲಭವಾಗಿ ಕದಲುವುದಿಲ್ಲ.

ಕಲಿಕೆಯೂ ನಿಲ್ಲಬಹುದಲ್ಲ ಎಂದು ಕೇಳಿದರೆ, ನಿಲ್ಲಬಹುದು. ಸ್ವಾತಂತ್ರ್ಯದ ಬೆನ್ನಲ್ಲೇ ಶುರುವಾದ ಜಕ್ಕೂರಿನ ಸರ್ಕಾರಿ ಹಾರಾಟ ಶಾಲೆ ವರ್ಷಗಟ್ಟಲೆ ಪಾಠವಿಲ್ಲದೆ ಕುಂಟಿದ್ದುಂಟು. ಸಂಸ್ಥೆಗೆ ಗುರುಗಳನ್ನೂ ವಿಮಾನಗಳನ್ನೂ ಕೊಡದಿದ್ದರೆ ಯಾವ ಶಾಲೆಯೂ ಬದುಕದು. ಹಾಗಾಗಿ ನಾನು ಹೇಳುತ್ತಿರುವುದು ತರಬೇತಿ ಎಂಬ ಫಲಕ ಹಾಕಿದರೆ ಸಾಕೆಂದಲ್ಲ. ಅದನ್ನು ಹೊರುವ ಹೊಣೆಗಾರ ಸಂಸ್ಥೆ ಬೇಕೆಂದು. ಕೆನಡಾದ ಅನುಭವವೂ ಅದನ್ನೇ ಹೇಳುತ್ತದೆ. 1939ರ ಡಿಸೆಂಬರ್ ಒಪ್ಪಂದದಂತೆ ಅಲ್ಲಿ ನಡೆದ ಕಾಮನ್‌ವೆಲ್ತ್ ವಾಯು ತರಬೇತಿ ಯೋಜನೆ 1,30,000ಕ್ಕೂ ಹೆಚ್ಚು ವೈಮಾನಿಕ ಸಿಬ್ಬಂದಿಯನ್ನು ತಯಾರು ಮಾಡಿತು. ಯುದ್ಧದ ನಂತರ ಆ ನೆಲೆಗಳಲ್ಲಿ ಹಲವು ಊರಿನ ವಿಮಾನ ನಿಲ್ದಾಣಗಳಾದವು, ಫ್ಲೈಯಿಂಗ್ ಕ್ಲಬ್‌ಗಳಾದವು. ಹೊಣೆ ಹೊರುವವರಿಲ್ಲದ ಕಡೆ ರನ್‌ವೇಗಳ ನಡುವೆ ಹುಲ್ಲು ಬೆಳೆಯಿತು. ನಮ್ಮಲ್ಲೂ ಶುಭಸೂಚನೆಯಿದೆ. ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಪೈಲಟ್ ತರಬೇತಿ ಸಂಸ್ಥೆಗಳಿಗೆಂದು ದೇಶದಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಎರಡು ಕರ್ನಾಟಕದವು, ಬೆಳಗಾವಿ ಮತ್ತು ಕಲಬುರಗಿ. 1942ರಲ್ಲಿ ಪರಕೀಯರ ಯುದ್ಧಕ್ಕೆಂದು ತರಬೇತಿ ಶುರುವಾದ ಸಾಂಬ್ರಾದ ಆಕಾಶದಲ್ಲಿ ಎಂಬತ್ತು ವರ್ಷಗಳ ಮೇಲೆ ನಾಗರಿಕ ಪೈಲಟ್‌ಗಳು ಕಲಿಯುವಂತಾಗಿದೆ.

ಈ ಸಭೆಯ ಮುಂದೆ, ಈ ಸಭೆಯ ಮೂಲಕ ಅವಳಿನಗರದ ಆಡಳಿತಗಾರರ ಮತ್ತು ಶಿಕ್ಷಣ ಸಂಸ್ಥೆಗಳ ಮುಂದೆ ನಾನು ಮೂರು ಬೇಡಿಕೆ ಇಡುತ್ತೇನೆ. ಒಂದು, ಹುಬ್ಬಳ್ಳಿ ನಿಲ್ದಾಣದ ವಿಸ್ತರಣೆಯ ಜೊತೆಗೆ ವಿಮಾನ ನಿರ್ವಹಣೆ, ದುರಸ್ತಿ ಮತ್ತು ಹಾರಾಟ ನಿಯಂತ್ರಣದ ತರಬೇತಿಗೂ ಜಾಗ ಮೀಸಲಾಗಲಿ. ನಮ್ಮ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಐಟಿಐಗಳು ಅದರಲ್ಲಿ ಪಾಲುದಾರರಾಗಲಿ. ಜಮೀನು ಕೊಟ್ಟ ಮನೆಗಳ ಮಕ್ಕಳಿಗೆ ಮೊದಲ ಅವಕಾಶ ಸಿಗಲಿ. ಎರಡು, ಸಾರ್ವಜನಿಕ ಉದ್ದೇಶಕ್ಕೆ ನೆಲ ಪಡೆಯುವ ಪ್ರತಿ ಆದೇಶದಲ್ಲೂ ಆ ಉದ್ದೇಶ ತೀರಿದ ಮೇಲೆ ನೆಲ ಏನಾಗುತ್ತದೆ ಎಂಬುದನ್ನು ಮೊದಲೇ ಬರೆಯಲಿ. ಅದರ ದಾಖಲೆ ಉತಾರದಷ್ಟೇ ಸುಲಭವಾಗಿ ಊರಿನವರ ಕೈಗೆ ಸಿಗಲಿ. ಮೂರು, ಧಾರವಾಡ, ಬೆಳಗಾವಿ, ಬೆಂಗಳೂರು, ಕೋಲಾರಗಳ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಯುದ್ಧಕಾಲದ ಈ ನೆಲೆಗಳ ಭೂದಾಖಲೆಗಳನ್ನು, ಸುತ್ತಲಿನ ಹಳ್ಳಿಗಳ ಹಿರಿಯರ ಮಾತುಗಳನ್ನು ಕೂಡಲೇ ಸಂಗ್ರಹಿಸಲಿ. 1942ನ್ನು ಕಣ್ಣಾರೆ ಕಂಡವರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಈ ಕೆಲಸಕ್ಕೆ ಇನ್ನೊಂದು ದಶಕ ಕಾಯುವಂತಿಲ್ಲ. ಇಲ್ಲಿ ಕುಳಿತ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಇದನ್ನು ತಮ್ಮ ಅಧ್ಯಯನದ ವಿಷಯವಾಗಿ ಆರಿಸಿಕೊಂಡರೆ ಈ ದತ್ತಿಯ ಉದ್ದೇಶ ನೆರವೇರಿತೆಂದು ಭಾವಿಸುತ್ತೇನೆ.